ಅರಿಶಿಣ ಹತ್ತಿದ ಬಟ್ಟೆಗಳ ಮಳೆಗಾಲ

ಆ ರವಿವಾರವೂ ಹಾಲಿನ ಪಾಕೀಟು ಕತ್ತರಿಸುವುದರಿಂದಲೇ ಶುರುವಾಯಿತು. ಪಾಕೀಟಿನ ಮೂಲೆಯನ್ನು ನಾನು ಪೂರ್ತಿ ಕತ್ತರಿಸುವುದಿಲ್ಲ, ಚೂರು ಅಂಟಿಕೊಂಡೇ ಇರುವಂತೆ ಕೊಯ್ಯುತ್ತೇನೆ. ಇಲ್ಲದಿದ್ದರೆ ಅದು ಬಚ್ಚಲ ಮೋರಿಯಲ್ಲಿ ಹೋಗಿ ಕೂರುತ್ತದೆ. ಹಾಲು ಒಲೆಗಿಟ್ಟು, ಬಾಗಿಲಿಗೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಬಿಟ್ಟು ಒಳಗೆ ಬಂದೆ. ನಮ್ಮ ಮನೆಯವರು ಕಟ್ಟೆಯ ಮೇಲೆ ಪೇಪರು ಬಿಚ್ಚಿಕೊಂಡು ಕೂತಿದ್ದರು. ಬೆಟಗೇರಿಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದೇ ಒಂದು ಮಗ್ಗ ಸದ್ದು ಮಾಡುತ್ತಿತ್ತು, ಉಳಿದವು ಇನ್ನೂ ಎದ್ದಿರಲಿಲ್ಲ. ಮಗಳು ಶ್ವೇತಾ ತಲೆ ಬಾಚಿ ಜಡೆ ಬಿಗಿಯಾಗಿ ಹೆಣೆದುಕೊಂಡು, ಹೆಗಲಿಗೆ ಬ್ಯಾಗು ಹಾಕಿಕೊಂಡೇ ಒಲೆಯ ಪಕ್ಕ ನಿಂತು ರೊಟ್ಟಿ ತಿನ್ನುತ್ತಿದ್ದಳು.

“ಕುಂತ್ ತಿನ್ನಬಾರದೇನ?”

“ಬಸ್... ಅಲ್ಲವಾ, ಕ್ಲಾಸಿಗೆ ತಡ ಆಗ್ತೈತಿ. ಇನ್ನೊಂದ್ ರೊಟ್ಟಿ ಹಾಕವಾ.”

ಅವಳು ಹೇಳುತ್ತಿದ್ದ ಟ್ಯಾಲಿ ಕ್ಲಾಸು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿಗೆ ಯಾವ ಬಸ್ಸೂ ಬೇಕಿಲ್ಲ. ನಾನು ಏನೂ ಕೇಳಿಸದವಳ ಹಾಗೆ ರೊಟ್ಟಿ ಹಾಕಿದೆ, ಮೇಲೆ ಬೆಣ್ಣೆ ಇಟ್ಟೆ. ಇವತ್ತು ಇವಳ ಹಿಂದೆ ಹೋಗುವುದೇ ಸೈ ಎಂದು ಹಿಂದಿನ ರಾತ್ರಿಯೇ ಮನಸ್ಸು ಮಾಡಿಯಾಗಿತ್ತು.

ಈಗ ಎರಡು ವರ್ಷವಾಯಿತು. ಆದರೂ ಮಜ್ಜಿಗೆ ಹುಳಿಗೆಂದು ಮಜ್ಜಿಗೆಯಲ್ಲಿ ಅರಿಶಿಣ ಕದಡಿದ ಕೂಡಲೇ ಆ ವಾಸನೆ ಮೂಗಿಗೆ ಬಡಿದು, ಆ ಮಳೆಗಾಲ ಪೂರ್ತಿ ಅಡುಗೆಮನೆಗೆ ಬಂದು ನಿಲ್ಲುತ್ತದೆ. ಸೌಟು ಹಿಡಿದುಕೊಂಡು ಒಬ್ಬಳೇ ನಗುತ್ತೇನೆ. ಆಗ ಮಾತ್ರ ನಗು ಎನ್ನುವುದು ನಮ್ಮ ಮನೆಯ ದಾರಿಯನ್ನೇ ಮರೆತಿತ್ತು.

ಆ ವರ್ಷ ಯುಗಾದಿಯ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿರುವ ನನ್ನ ನಾದಿನಿಯ ಮಗಳು ಪೂಜಾ, ಕಾಲೇಜಿಗೆ ಹೋಗುತ್ತೇನೆಂದು ಹೊರಟವಳು ಮನೆಗೆ ಬರಲಿಲ್ಲ. ಯಾವುದೋ ಗುಡಿಯಲ್ಲಿ ಮದುವೆಯಾಗಿ ಹುಡುಗನೊಂದಿಗೆ ಊರು ಬಿಟ್ಟಿದ್ದಳು. ನಾದಿನಿ ಹಾಸಿಗೆ ಹಿಡಿದಳು. ಅವಳನ್ನು ನೋಡಿಕೊಂಡು ಬಂದ ದಿನ ನಮ್ಮ ಮನೆಯವರು ಚಪ್ಪಲಿ ಬಿಡುವುದಕ್ಕೂ ಮೊದಲೇ ಹೇಳಿದ್ದು ಒಂದೇ ಮಾತು.

“ಇನ್ನ ನಮ್ಮ ಮನ್ಯಾಗ ಒಂದ್ ಸುಳ್ಳ ಸಿಕ್ರ ಸಾಕು, ಕಾಲೇಜ ಬಂದ್. ದೀಪಾವಳಿಯೊಳಗ ಮದಿವಿ. ಶ್ವೇತಾ, ಕೇಳಿಸ್ತ?”

“ಕೇಳಿಸ್ತಪಾ” ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ. ಆಗ ಅವಳಿನ್ನೂ ಬಿ.ಕಾಂ. ಎರಡನೇ ವರ್ಷ.

ಇವರು ಕೆಟ್ಟವರಲ್ಲ. ಇವರ ಅಪ್ಪನ ಕಾಲದವರೆಗೂ ಮನೆಯಲ್ಲಿ ಮಗ್ಗ ಇತ್ತು. ಇವರು ಗದಗಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯ ಕಾರ್ಡು, ಜಾತ್ರೆಯ ಹಸ್ತಪತ್ರಿಕೆ ಅಂತ ಅಚ್ಚು ಹಾಕುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಆದರೆ ಒಮ್ಮೆ ಹೇಳಿದ ಮಾತೂ ಅವರ ಅಚ್ಚಿನ ಹಾಗೆಯೇ, ಮೂಡಿದ ಮೇಲೆ ಅಳಿಸಲು ಬರುವುದಿಲ್ಲ.

ಇಷ್ಟಾದರೂ ನನಗೆ ನನ್ನ ಮಗಳ ಮೇಲೆ ಸಂಶಯವೇನೂ ಇರಲಿಲ್ಲ. ಸಂಶಯದ ಬೀಜ ಹಾಕಿದ್ದು ಪಕ್ಕದ ಮನೆಯ ಗಂಗಕ್ಕ, ಅದೂ ಪಾಪ, ತನಗೇ ಗೊತ್ತಿಲ್ಲದೆ. ಗಂಗಕ್ಕ ಇಡೀ ದಿನ ತನ್ನ ಬಾಗಿಲಲ್ಲಿ ಕೂತು ರಾಟಿ ತಿರುಗಿಸುತ್ತ ಮಗ್ಗದವರಿಗೆ ನೂಲು ಸುತ್ತಿ ಕೊಡುತ್ತಾಳೆ. ಕೈ ರಾಟಿಯ ಮೇಲೆ, ಕಣ್ಣು ಗೋಡೆಗೆ ಒರಗಿಸಿಟ್ಟ ಮೊಬೈಲಿನ ಮೇಲೆ. ಮೃಗಶಿರಾ ಮಳೆ ಹಿಡಿದ ಒಂದು ಮಧ್ಯಾಹ್ನ ಅವಳು ನೋಡಿದ ಸಿನಿಮಾದ ಕತೆ ಹೇಳಿದಳು.

“ಒಂದ್ ಕಾಲೇಜ್ ಹುಡುಗಿರಿ ಅಕ್ಕಾರ. ಮನ್ಯಾಗ ನೋಡಿದ್ರ ದೇವರಂಥಾಕಿ. ಎರಡ್ ಜಡಿ, ಕುಂಕಮ, ಅವ್ವನ ಕಾಲ ಒತ್ತತಾಳ. ಕಾಲೇಜಿಗೆ ಹೊಂಟೇನಿ ಅಂತ ಹೋಗಿ ದಾರ್‍ಯಾಗ ಅರಬಿ ಬದಲಿ ಮಾಡ್ತಾಳ. ಅಲ್ಲಿ ಆಕಿ ಹೆಸರ ಬ್ಯಾರೆ, ಮನಿ ಬ್ಯಾರೆ, ದೋಸ್ತರ ಬ್ಯಾರೆ! ಊರ ತುಂಬ ಎಲ್ಲಾರಿಗೂ ಗೊತ್ತ. ಗೊತ್ತಿಲ್ಲದಾಕಿ ಅವ್ವ ಒಬ್ಬಾಕಿನ.”

“ಕಡೀಕೆ ಏನಾತು?”

“ಯಾರಿಗ್ಗೊತ್ರಿ? ನೆಟ್ ಖಾಲಿ ಆತು.”

ಗಂಗಕ್ಕ ಅಲ್ಲಿಗೆ ಮರೆತಳು. ನನಗೆ ಮಾತ್ರ ಆ ಅವ್ವ ಬಿಡಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಒಬ್ಬರು ಸಾಲಿನ ಉದ್ದಕ್ಕೂ ನಡೆಯುತ್ತ ಉಗುರು, ಕರವಸ್ತ್ರ, ಕಾಲರಿನ ಅಂಚು ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ಸುಮ್ಮನೆ ನೋಡಿ ಮುಂದೆ ಹೋಗುತ್ತಿದ್ದರು. ಆ ಕಣ್ಣು ನನಗೂ ಬಂದುಬಿಟ್ಟಿದೆ. ನೋಡಬಾರದು ಅಂದುಕೊಂಡರೂ ಕಾಣಿಸುತ್ತದೆ.

ಮೊದಲು ಕಂಡದ್ದು ಚೂಡಿದಾರದ ಕುತ್ತಿಗೆಯ ಅಂಚಿನಲ್ಲಿ ಒಂದು ಹಳದಿ ಕಲೆ. ಮಳೆಗಾಲ, ಕೆಸರಿರಬೇಕೆಂದು ಸಬಕಾರ ಹಚ್ಚಿದೆ. ಹಚ್ಚಿದ ಕೂಡಲೇ ಕೆಂಪಗೆ ತಿರುಗಿತು. ಅರಿಶಿಣ! ಅಡುಗೆಯ ಅರಿಶಿಣವಾದರೆ ಒಂದು ಬಿಸಿಲಿಗೆ ಹಾರಿಹೋಗುತ್ತದೆ. ಇದು ಹೋಗಲಿಲ್ಲ, ಇದರಲ್ಲಿ ಎಣ್ಣೆ ಕೂಡಿತ್ತು. ಎಣ್ಣೆ ಅರಿಶಿಣ ಕೂಡಿಸಿ ಮೈಗೆ ಹಚ್ಚುವುದು ಯಾರಿಗೆ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮದುವೆಯಲ್ಲಿ ಸುರಗಿಯ ನೀರು ಹಾಕಿಸಿಕೊಳ್ಳುವ ಮದುಮಗಳಿಗೆ. ನಾನು ಬಕೆಟ್ಟಿನ ಮುಂದೆ ಹಾಗೇ ಕೂತುಬಿಟ್ಟೆ.

ಆಮೇಲೆ ಒಂದೊಂದೇ. ರವಿವಾರ ಬಂದಾಗಲೆಲ್ಲ ಅವಳ ಉಗುರಿನ ಸಂದಿಯಲ್ಲಿ ಹಳದಿ. ಕೈಬಳೆ ಹಾಕುವುದನ್ನು ಬಿಟ್ಟಿದ್ದಳು. ಕೂದಲಿಗೆ ಹುಳಿ ಮಜ್ಜಿಗೆಯ ವಾಸನೆ. ಒಂದು ರೊಟ್ಟಿಗೆ ಸಾಕು ಅನ್ನುತ್ತಿದ್ದವಳು ಬುಟ್ಟಿಯ ತಳ ಕಾಣುವ ತನಕ ಉಣ್ಣುತ್ತಿದ್ದಳು. ಹೊಟ್ಟೆಯೊಳಗೆ ಇನ್ನೊಂದು ಹೆದರಿಕೆಯೂ ಸೇರಿತು. ಅದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ, ತಾಯಂದಿರಿಗೆ ತಿಳಿಯುತ್ತದೆ. ಪುಣ್ಯಕ್ಕೆ ತಿಂಗಳು ಕಳೆಯುವುದರೊಳಗೆ ಅದು ಸುಳ್ಳೆಂದು ಗೊತ್ತಾಯಿತು. ಅಂದು ಬನಶಂಕರಿಗೆ ಕೈ ಮುಗಿದು, ಶಾಲೆಯ ರೂಢಿ ಬಿಡದೆ ಮೇರಿ ಮಾತೆಗೂ ಒಂದು ಮೇಣದ ಬತ್ತಿ ಹರಸಿಕೊಂಡೆ.

ಟ್ಯಾಲಿ ಕ್ಲಾಸಿನ ಮುಂದಿನಿಂದ ಕಾಯಿಪಲ್ಲೆಗೆ ಹೋದಾಗ ಬೋರ್ಡು ಓದಿದೆ. ರವಿವಾರ ರಜೆ ಎಂದು ಅದರ ಮೇಲೆಯೇ ಬರೆದಿತ್ತು.

ಶ್ರಾವಣದ ಒಂದು ಸಂಜೆ ತಲೆ ಒರೆಸಿಕೊಳ್ಳುವಾಗ ಅವಳ ತೋಳು ಕಂಡಿತು. ಮೇಲ್ದೋಳಿನ ಮೇಲೆ ನಾಲ್ಕು ಬೆರಳಿನ ಗುರುತು, ಹಸಿರುಗಟ್ಟಿತ್ತು.

“ಇದೇನು?”

“ಬಸ್ಸಿನ್ಯಾಗ ಕಂಬಿ ಬಡೀತವಾ.”

ಕಂಬಿಗೆ ಬೆರಳಿರುವುದಿಲ್ಲ. ಮದುವೆಯಾಗಿದ್ದಾಳೆ, ಅವನು ಹೊಡೆಯುತ್ತಾನೆ, ಇವಳು ಅದನ್ನೂ ಮುಚ್ಚಿಡುತ್ತಿದ್ದಾಳೆ. ನನ್ನ ತಲೆಯಲ್ಲಿ ಲೆಕ್ಕ ಮುಗಿದೇಹೋಯಿತು. ಇವರಿಗೆ ಹೇಳಿದರೆ ನಾಳೆಯೇ ಕಾಲೇಜು ಬಂದ್. ಹೇಳದಿದ್ದರೆ ಮಗಳು ಯಾರ ಕೈಯಲ್ಲೋ ಪೆಟ್ಟು ತಿನ್ನುತ್ತ ಇರುತ್ತಾಳೆ. ಅದೇ ವಾರ ಅವಳು ಹಿತ್ತಲಲ್ಲಿ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡಿದ್ದು ಕಿಟಕಿಯಿಂದ ಕೇಳಿಸಿತು. “ಹೂಂ ರೀ, ಐತ್ವಾರ ಬರ್ತೇನ್ರಿ. ಇಲ್ರಿ, ಮನ್ಯಾಗ ಇನ್ನಾ ಹೇಳಿಲ್ಲ. ಅಪ್ಪಗ ಗೊತ್ತಾದ್ರ ಮುಗೀತ್ರಿ.”

ಹೀಗಾಗಿ ಆ ರವಿವಾರ ಅವಳು ಓಣಿ ದಾಟಿದ ಮೇಲೆ, “ಗದಗಿನ್ಯಾಗ ನನ್ನ ಗೆಳತಿಗೆ ಆರಾಮಿಲ್ಲ, ನೋಡಿ ಬರ್ತೇನಿ” ಎಂದು ಇವರಿಗೆ ಹೇಳಿ, ಆಟೋ ಹಿಡಿದೆ. ಇವರು ಪೇಪರಿನ ಮರೆಯಿಂದ “ಹೂಂ” ಎಂದರಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿಯ ಹಿಂದೆ ನಿಂತು ನೋಡಿದೆ. ಶ್ವೇತಾ ಸೊರಟೂರ ಬಸ್ಸು ಹತ್ತಿ ಕಿಟಕಿಗೆ ಕೂತಳು. ಕೂತವಳು ಒಂದು ಸೇಂಗಾ ಪೊಟ್ಟಣ ಬಿಚ್ಚಿ ತಿನ್ನತೊಡಗಿದಳು. ಅವಳ ಮುಖದಲ್ಲಿ ದುಃಖವೇ ಇರಲಿಲ್ಲ. ಅದನ್ನು ನೋಡಿ ನನಗೆ ಮತ್ತಷ್ಟು ದುಃಖವಾಯಿತು.

ನಾನು ಮುಂದಿನ ಬಸ್ಸಿಗೆ ಕಾದೆ. ಹೆಣ್ಣುಮಕ್ಕಳಿಗೆ ಪುಕ್ಕಟೆಯಾದ ಮೇಲೆ ಬಸ್ಸು ಯಾವಾಗಲೂ ತುಂಬಿರುತ್ತದೆ. ಕಂಡಕ್ಟರು “ಎಲ್ಲಿಗ್ರಿ ಅಕ್ಕಾರ?” ಎಂದಾಗ ಆಧಾರ್ ಕಾರ್ಡು ಮುಂದೆ ಹಿಡಿದು ಸೊರಟೂರ ಎಂದೆ. “ಬೀಗರ ಮನಿಗೇನ್ರಿ?” ಎಂದು ಅವನು ನಕ್ಕು ಮುಂದೆ ಹೋದ. ಹೊರಗೆ ಜಿಟಿಜಿಟಿ ಮಳೆ. ಎರೆ ಹೊಲಗಳಲ್ಲಿ ತಲೆಗೆ ಗೊಬ್ಬರದ ಚೀಲ ಹೊದ್ದು ಹೆಂಗಸರು ಹೆಸರುಕಾಯಿ ಬಿಡಿಸುತ್ತಿದ್ದರು. ದೂರದ ಗುಡ್ಡದ ಮೇಲೆ ಗಾಳಿಕಂಬಗಳ ರೆಕ್ಕೆ ಮೋಡದೊಳಗೆ ಹೋಗಿ ಹೋಗಿ ಬರುತ್ತಿತ್ತು. ಆ ಹುಡುಗನ ಮನೆಯಲ್ಲಿ ಮೊದಲು ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಜೋಡಿಸಿದ್ದೆಲ್ಲ ಅಳುವಿನಲ್ಲೇ ಮುಗಿಯುತ್ತಿತ್ತು.

ಸೊರಟೂರಿನಲ್ಲಿ ಇಳಿದು, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿಯೊಬ್ಬಳನ್ನು ಕೇಳಿದೆ. “ಅಮ್ಮಾ, ಬೆಟಗೇರಿಯಿಂದ ಒಬ್ಬಾಕಿ ಹುಡುಗಿ ಬರ್ತಾಳಂತ. ಉದ್ದ ಜಡಿ, ನೀಲಿ ಬ್ಯಾಗು...”

“ಶ್ವೇತಾನ? ಆಕೀನ್ನ ಯಾರಿಗೆ ಗೊತ್ತಿಲ್ಲ ಯವ್ವಾ! ನಮ್ಮೂರ ಸೊಸಿನ ಆದಂಗ ಆಗ್ಯಾಳ. ನೀ ಯಾರವಾ?”

ಅಂಗಡಿಯ ಕಂಬ ಹಿಡಿದುಕೊಂಡೆ. “ಅವರವ್ವ.”

“ಅಯ್ಯ, ಅವರವ್ವನ! ಭಾಳ ಛಲೋ ಮಗಳನ್ನ ಹಡದಿ ಬಿಡು. ಹಿಂಗ ಹೋಗು, ಬೇವಿನ ಗಿಡದ ಬಾಜೂಕ ವಸ್ತಾದನ ಮನಿ. ಮನ್ಯಾಗಿಲ್ಲ, ದನದ ಕೊಟ್ಟಿಗ್ಯಾಗ ಇರ್ತಾವ ಎಲ್ಲಾ.”

ವಸ್ತಾದ ಎಂದರೆ ಕುಸ್ತಿ ಕಲಿಸುವವನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಗ ಆ ಶಬ್ದ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಮಗಳನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಾರೆ ಎನ್ನುವುದೊಂದೇ ತಿಳಿಯಿತು. ಕೆಸರಿನಲ್ಲಿ ಚಪ್ಪಲಿ ಸಿಕ್ಕರೂ ನಿಲ್ಲದೆ ನಡೆದೆ. ಬೇವಿನ ಗಿಡ ಕಾಣುವುದರೊಳಗೇ ಗಂಡಸಿನ ದನಿ ಕೇಳಿಸಿತು.

“ಹಿಡಿ! ಬಿಡಬ್ಯಾಡ ಆಕೀನ್ನ! ಎತ್ತಿ ಒಗಿ!”

ಆಮೇಲೆ ಧೊಪ್ಪೆಂದು ಏನೋ ಬಿದ್ದ ಸದ್ದು. ಕೊಟ್ಟಿಗೆಯ ಅರ್ಧ ಬಾಗಿಲನ್ನು ನೂಕಿದೆ.

ಒಳಗೆ ದನ ಇರಲಿಲ್ಲ. ಮೇವು ಹಾಕುವ ಗೋದಲಿ ಕಿತ್ತು ಹಾಕಿ, ನಡುವೆ ಅಗೆದು, ಮೆತ್ತನೆಯ ಕೆಂಪು ಮಣ್ಣು ತುಂಬಿದ್ದರು. ಗೋಡೆಯ ಗೂಡಿನಲ್ಲಿ ಒಬ್ಬ ಹನುಮಪ್ಪ, ಮುಂದೆ ಊದಿನಕಡ್ಡಿ. ಮಣ್ಣಿನಲ್ಲಿ ನಾಲ್ಕು ಹುಡುಗಿಯರು. ನನ್ನ ಮಗಳು ಮೊಣಕಾಲಿನ ತನಕ ಚಡ್ಡಿ ಹಾಕಿ, ಜಡೆಯನ್ನು ತುರುಬಿನ ಹಾಗೆ ಸುತ್ತಿ ಕಟ್ಟಿಕೊಂಡು, ಅಡಿಯಿಂದ ಮುಡಿಯ ತನಕ ಕೆಂಪಾಗಿ, ತನಗಿಂತ ದಪ್ಪನೆಯ ಒಬ್ಬ ಹುಡುಗಿಯ ಸೊಂಟ ಹಿಡಿದು ಎತ್ತಿದ್ದಳು. ಪಕ್ಕದಲ್ಲಿ ಹೆಗಲಿಗೆ ಟವೆಲು ಹಾಕಿಕೊಂಡ ಮುದುಕ ನಿಂತಿದ್ದ. ಅವನ ಕಿವಿ ಹಿಟ್ಟಿನ ಉಂಡೆಯ ಹಾಗೆ ಮುದುಡಿತ್ತು.

ಶ್ವೇತಾ ನನ್ನನ್ನು ನೋಡಿದಳು. “ಅವ್ವಾ!” ಎಂದು ಕೈ ಸಡಿಲ ಬಿಟ್ಟಳು. ಆ ದಪ್ಪನೆಯ ಹುಡುಗಿ ಅದೇ ಸಂದಿನಲ್ಲಿ ಇವಳನ್ನು ತಿರುಗಿಸಿ ಕೆಡವಿ ಎದೆಯ ಮೇಲೆ ಕೂತೇಬಿಟ್ಟಳು.

“ಹಲ್ಕಟ್!” ಎಂದು ಮುದುಕ ಕೂಗಿದ. “ಕಣದಾಗ ಇಳದ ಮ್ಯಾಲೆ ಅವ್ವ ಬರ್ಲಿ, ಅಪ್ಪ ಬರ್ಲಿ, ತಲಿ ಎತ್ತಬಾರದಂತ ಎಷ್ಟ ಸಲ ಹೇಳೇನಿ?” ಎಂದವನು, ಅವ್ವ ನಿಜವಾಗಿಯೂ ಬಂದಿದ್ದಾಳೆಂದು ಆಗ ತಿಳಿದು, ಟವೆಲು ಇಳಿಸಿ ನಮಸ್ಕಾರ ಮಾಡಿದ. “ಬರ್ರಿ ತಂಗಿ, ಬರ್ರಿ. ಚಪ್ಲಿ ಹೊರಗ ಬಿಟ್ಟ ಬರ್ರಿ.”

ಅಷ್ಟು ದೂರ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೆ ಹೋಯಿತೋ. ನನ್ನ ಬಾಯಿಂದ ಬಂದದ್ದು ಒಂದೇ. “ಶ್ವೇತಾ, ನೀ ಮದಿವಿ ಆಗಿಯೇನು?”

ಮಣ್ಣಿನಲ್ಲಿ ಮಲಗಿದ್ದಲ್ಲಿಂದಲೇ ಅವಳು ಕಣ್ಣು ಬಿಟ್ಟಳು. “ಮದಿವಿನ? ಯಾರನ್ನವಾ?”

ಎದೆಯ ಮೇಲೆ ಕೂತ ಹುಡುಗಿ ನಕ್ಕು ನಕ್ಕು ಪಕ್ಕಕ್ಕೆ ಉರುಳಿದಳು. ಅವಳು ವಸ್ತಾದನ ಮೊಮ್ಮಗಳು ರೇಣುಕಾ, ಶ್ವೇತಾಳ ಕ್ಲಾಸಿನವಳು. ನಾನು ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗಿಟ್ಟು ಅತ್ತೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಶ್ವೇತಾ ಓಡಿ ಬಂದು ತಬ್ಬಿಕೊಂಡಳು. ನನ್ನ ಬಿಳಿ ರವಿಕೆಯ ಮೇಲೆ ಅವಳ ಕೈ ಎರಡೂ ಮೂಡಿದವು, ಹಳದಿಗೆಂಪಗೆ.

“ಇದ... ಈ ಅರಿಶಿಣ...”

“ಹೊಸಾ ಮಣ್ಣ ನೋಡ್ರಿ ತಂಗಿ,” ಎಂದ ವಸ್ತಾದ, ಒಂದು ಹಿಡಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದು. “ಗುಡ್ಡದ ಕೆಮ್ಮಣ್ಣ ತಂದ ಜರಡಿ ಹಿಡದು, ಮಜ್ಜಿಗಿ, ಎಣ್ಣಿ, ಅರಿಶಿಣ, ಲಿಂಬಿಹಣ್ಣ, ಕರ್ಪೂರ ಎಲ್ಲಾ ಹಾಕಿ ಹದಾ ಮಾಡಬೇಕ. ಗಾಯ ಆದ್ರ ನಂಜ ಆಗೂದಿಲ್ಲ. ಊರ ಗರಡಿಗೆ ಹೆಣ್ಮಕ್ಕಳು ಇಳೀಬಾರದಂತ ಹಿರ್‍ಯಾರು ಕಟ್ಟ ಮಾಡ್ಯಾರ. ಆತ್ರೆಪಾ, ನಿಮ್ಮ ಗರಡಿ ನಿಮಗಿರ್ಲಿ ಅಂದ್ನಿ. ಎಮ್ಮಿ ಮಾರಿ ಕೊಟ್ಟಿಗಿ ಖಾಲಿ ಮಾಡಿದ್ನಿ. ನಮ್ಮಾಕಿ ಇನ್ನಾ ನನ್ನ ಜೋಡಿ ಮಾತಾಡಂಗಿಲ್ಲ.”

“ಹಾಲಿಗೆ ಮಂದಿ ಮನಿ ಬಾಗಲಾ ಕಾಯೂದು ನಾನು,” ಎಂದು ಮನೆಯೊಳಗಿನಿಂದ ಅವನ ಹೆಂಡತಿಯ ದನಿ ಬಂತು. ಹಾಗೆ ಅಂದವಳೇ ಸ್ವಲ್ಪ ಹೊತ್ತಿಗೆ ನನಗೆ ಚಹಾ ತಂದಳು. ನನ್ನ ರವಿಕೆ ನೋಡಿ “ಬಿಸಲಿಗೆ ಹಾಕಿದ್ರೂ ಹೋಗಂಗಿಲ್ರಿ ಅದು” ಎಂದಳು.

ತೋಳಿನ ಮೇಲಿನ ಬೆರಳುಗಳ ಗುರುತು ರೇಣುಕಾಳದು. ಫೋನಿನಲ್ಲಿ “ಹೂಂ ರೀ” ಎಂದದ್ದು ವಸ್ತಾದನಿಗೆ. ಜಿಲ್ಲೆಯ ಕುಸ್ತಿ ತಂಡದ ಆಯ್ಕೆಗೆ ಕಳಿಸಬೇಕು, ಮನೆಯವರು ಒಪ್ಪದೆ ಕಳಿಸುವುದಿಲ್ಲ ಎಂದು ಅವನು ಪ್ರತಿ ವಾರ ಪಟ್ಟು ಹಿಡಿಯುತ್ತಿದ್ದನಂತೆ. “ಸುಳ್ಳ ಹೇಳಿ ಬರ್ತಾಳಂತ ನನಗ ಮೊನ್ನೆ ಗೊತ್ತಾತ್ರಿ. ಮುಂದಿನ ಐತ್ವಾರ ನಾನ ಬೆಟಗೇರಿಗೆ ಬರಾವಿದ್ದೆ,” ಎಂದ.

ಬಸ್ಸಿನಲ್ಲಿ ವಾಪಸು ಬರುವಾಗ ಶ್ವೇತಾ ನನ್ನ ಹೆಗಲಿಗೆ ತಲೆಯಿಟ್ಟು ಕೂತಿದ್ದಳು. “ಪೂಜಕ್ಕ ಹೋದ ಮ್ಯಾಲೆ ಅಪ್ಪನ ಮುಂದ ಏನ್ ಕೇಳಾಕೂ ಬಾಯಿನ ಬರಲಿಲ್ಲವಾ. ಒಂದ್ ದಿನಾ ನೋಡಿ ಬರೂಣಂತ ಹೋಗಿದ್ದೆ. ಮಣ್ಣಿಗೆ ಇಳದ ಮ್ಯಾಲೆ ಬಿಟ್ಟ ಬರಾಕ ಆಗ್ಲೇ ಇಲ್ಲ.” ಆಮೇಲೆ ತಲೆ ಎತ್ತಿ ಕೇಳಿದಳು, “ಅಪ್ಪಗ ಹೇಳ್ತಿಯೇನು?”

“ಹೇಳ್ತೇನಿ,” ಎಂದೆ. “ಇನ್ನ ಮುಚ್ಚಿಡಾಕ ನನ್ನ ಕಡೆ ಆಗೂದಿಲ್ಲ.” ಅವಳು ಬೆಟಗೇರಿ ಬರುವ ತನಕ ನನ್ನ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಒಂದು ಹೆದರಿಕೆ ಕಳೆದಿತ್ತು, ಇನ್ನೊಂದು ಮನೆಯ ಕಟ್ಟೆಯ ಮೇಲೆ ಕೂತಿತ್ತು.

ಇವರು ಊಟ ಮಾಡಿರಲಿಲ್ಲ. ತಟ್ಟೆ ಹಾಕಿದೆ, ಬಡಿಸಿದೆ, ಎದುರಿಗೇ ಕೂತು ಎಲ್ಲ ಹೇಳಿದೆ. ಟ್ಯಾಲಿ ಕ್ಲಾಸು ಸುಳ್ಳು ಎನ್ನುವುದನ್ನು ಮೊದಲೇ ಹೇಳಿದೆ, ಅದನ್ನು ನಡುವೆ ತುರುಕಿ ಮುಚ್ಚಲಿಲ್ಲ. ಶ್ವೇತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದರು. ಆಮೇಲೆ ನನ್ನನ್ನು ನೋಡದೆ ಅಂದರು.

“ದಾರದ ಮ್ಯಾಲೆ ಒಣಗಾಕ ಹಾಕಿದ್ದ ಅರಿಶಿಣ ಹತ್ತಿದ ಅರಬಿ ನಾನೂ ನೋಡಿದ್ನಿ. ನಿನಗ ಹೇಳಿದ್ರ ನೀ ಒಡದು ಹೋಗ್ತಿ ಅಂತ ಸುಮ್ಮನಿದ್ದೆ.”

“ಯಾವಾಗ ನೋಡಿದ್ರಿ?”

“ಕಾರ ಹುಣ್ಣವಿ ಸುಮಾರಿಗೆ. ಅವತ್ತಿನಿಂದ ಪ್ರೆಸ್ಸಿಗೆ ಬಂದ ಮದಿವಿ ಕಾರ್ಡ ಒಂದೂ ಬಿಟ್ಟಿಲ್ಲ, ಕನ್ಯಾದ ಹೆಸರ ಓದಿ ಓದೇ ಅಚ್ಚಿಗೆ ಹಾಕೀನಿ. ಯಾರರ ಶ್ವೇತಾ ಅಂತಿದ್ರ ಮಷಿನ್ ನಿಲ್ಲಸ್ತಿದ್ದೆ. ತಂದಿ ಹೆಸರ ಓದಿದ ಮ್ಯಾಲೆ ಉಸರ ಬಿಡ್ತಿದ್ದೆ.”

“ಅಲ್ರೀ, ಓಡಿ ಹೋಗಿ ಮದಿವಿ ಆದಾರು ಕಾರ್ಡ ಹಾಕಸ್ತಾರೇನ್ರಿ?”

“ಗೊತ್ತೈತಿ,” ಎಂದರು. “ಆದ್ರೂ ಓದ್ತಿದ್ನಿ.”

ಅಡುಗೆಮನೆಯ ಬಾಗಿಲಲ್ಲಿ ಶ್ವೇತಾ ಮುಖ ಮುಚ್ಚಿಕೊಂಡಳು. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ, ಒಂದೇ ಹೆದರಿಕೆಯನ್ನು ನಾನು ಬಚ್ಚಲಲ್ಲಿ, ಇವರು ಪ್ರೆಸ್ಸಿನಲ್ಲಿ ಬೇರೆ ಬೇರೆ ಹೊತ್ತುಕೊಂಡು ತಿರುಗಿದ್ದೆವು. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಅರ್ಧವಾದರೂ ಇಳಿಯುತ್ತಿತ್ತು.

ಇವರು ಮಗಳ ಕಡೆ ತಿರುಗಿದರು. ದನಿ ಗಟ್ಟಿಯಾಗಿಯೇ ಇತ್ತು. “ಸುಳ್ಳ ಹೇಳಿದ್ದ ಹೇಳಿದ್ದ. ಅದನ್ನ ನಾ ಮರಿಯಂಗಿಲ್ಲ.”

“ಹೂಂನಪಾ.”

“ಮುಂದಿನ ಐತ್ವಾರ ಬಸ್ಸಿಗೆ ಹೋಗೂದಿಲ್ಲ.”

ಅವಳು ತಲೆ ತಗ್ಗಿಸಿದಳು.

“ನನ್ನ ಗಾಡಿ ಮ್ಯಾಲೆ ಹೋಗೂದು. ಆ ಮುದುಕನ್ನ ನಾ ನೋಡ್ಬೇಕು,” ಎಂದು ರೊಟ್ಟಿಯ ತುಣುಕನ್ನು ಪಲ್ಲೆಗೆ ಅದ್ದಿದರು. ಅದನ್ನು ಬಾಯಿಗಿಡುವ ಮೊದಲು ನನ್ನನ್ನು ಕೇಳಿದರು, “ನೀ ನೋಡೂ ಮುಂದ ಇಕಿ ಬಿದ್ದಳೇನು, ಒಗದಳೇನು?”

“ಬಿದ್ದಳ್ರಿ.”

“ಅವ್ವ ಬಂದದ್ದಕ್ಕ ಬಿದ್ನೆಪಾ!” ಎಂದು ಅವಳು ಅಳುತ್ತಲೇ ಜಗಳಕ್ಕೆ ನಿಂತಳು. ಇವರು ಪೇಪರು ಎತ್ತಿ ಮುಖಕ್ಕೆ ಮರೆ ಮಾಡಿಕೊಂಡರು. ಪೇಪರು ಅಲುಗುತ್ತಿತ್ತು.

ಸಂಜೆ ನಳಕ್ಕೆ ನೀರು ಬಂತು. ನಮ್ಮಲ್ಲಿ ನೀರು ಬರುವುದೇ ಅಪರೂಪ, ಬಂದಾಗ ಓಣಿಗೆ ಓಣಿಯೇ ಕೊಡ ಹಿಡಿದು ಹೊರಗೆ ಬೀಳುತ್ತದೆ. ಶ್ವೇತಾ ಎದ್ದು ಬಂದಳು. ಬೆಳಿಗ್ಗೆಯೆಲ್ಲ ಮಣ್ಣಿನಲ್ಲಿ ಬಿದ್ದು ಎದ್ದು ಬಂದವಳು, ಮೇಲೆ ಅಷ್ಟು ಅತ್ತವಳು. “ಇವತ್ತ ಬ್ಯಾಡ, ಕುಂಡ್ರು ನೀ” ಎಂದು ಕೊಡ ಕಸಿದುಕೊಂಡು ನಾನೇ ತುಂಬತೊಡಗಿದೆ. ಮೈ ಹಗುರಾಗಿತ್ತು, ಎಷ್ಟು ಕೊಡ ಹೊತ್ತರೂ ಹೊತ್ತಂತೆ ಅನಿಸಲಿಲ್ಲ. ಅವಳು ಹೊಸ್ತಿಲ ಮೇಲೆ ಗೋಡೆಗೊರಗಿ, ಹಸಿ ಕೂದಲು ಹರವಿಕೊಂಡು, ಕಾಲು ಚಾಚಿ ಕೂತಳು.

ಗಂಗಕ್ಕ ತನ್ನ ಕೊಡವನ್ನು ನಳದ ಕೆಳಗೆ ಸರಿಸುತ್ತ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತುಟಿ ಕೊಂಕಿಸಿದಳು.

“ಕುಂಡ್ರಿಸಿ ಉಣಸ್ತೀರಿ ಬಿಡ್ರಿ ಅಕ್ಕಾರ ಮಗಳನ್ನ. ಆಕಿದರ ಏನ್ ತಪ್ಪೈತಿ? ಈಗಿನ ಹುಡುಗ್ಯಾರಿಗೆ ಒಂದ್ ಕೊಡಾ ನೀರ ಎತ್ತೂ ತಾಕತ್ತ ಎಲ್ಲೈತ್ರಿ?”